ಗೋಡೆಯ ಎಡಭಾಗ

ಕಚ್. ಕಚ್ ಕಚ್.

ಗಂಟೆ ಹನ್ನೊಂದು ದಾಟಿತ್ತು. ಕಡ್ಡಿ ಹೊದಿಕೆಯೊಳಗಿಂದ ತಲೆ ಹೊರಗೆ ಹಾಕಿದಳು. ಐದನೇ ಕ್ಲಾಸಿನ ಈ ಹುಡುಗಿಗೆ ಕಡ್ಡಿ ಎಂದು ಹೆಸರಿಟ್ಟವನು ಅಪ್ಪನೇ. ಎಷ್ಟು ತಿಂದರೂ ಅವಳ ಮೈಗೆ ಹತ್ತುತ್ತಿರಲಿಲ್ಲ.

ಹೊರಕೋಣೆಯಲ್ಲಿ ಅಪ್ಪ ಕುರ್ಚಿಯ ಮೇಲೆ ದಿಂಬು ನಿಲ್ಲಿಸಿಕೊಂಡು ಅದರ ಸುತ್ತ ಕತ್ತರಿ ಆಡಿಸುತ್ತಿದ್ದ. ಎಡಕ್ಕೆ ಬಂದಾಗಲೆಲ್ಲ ಕುತ್ತಿಗೆಯನ್ನು ಪೂರ್ತಿ ತಿರುಗಿಸುತ್ತಿದ್ದ. ದಿಂಬಿಗೆ ಕಿವಿ ಇಲ್ಲ. ಆದರೆ ನಾಳೆ ಭಾನುವಾರ, ಅಪ್ಪನ ಕಟಿಂಗ್ ಅಂಗಡಿಗೆ ಬರುವ ಮೂಲೆಮನೆ ತಾತನಿಗೆ ಎರಡು ಕಿವಿ ಇವೆ. ಕಟಿಂಗ್ ಆದ ಮೇಲೆ ಶೇವಿಂಗ್. ಶೇವಿಂಗ್ ಎಂದರೆ ಕತ್ತಿ.

ಕಡ್ಡಿಗೆ ಆಮೇಲೆ ನಿದ್ದೆ ಹತ್ತಲಿಲ್ಲ.

ಆರು ತಿಂಗಳ ಹಿಂದೆ ಅಪ್ಪ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಗಾಯ ಮಾಯಿತು. ಕಣ್ಣಿಗೆ ಏನೂ ಆಗಿರಲಿಲ್ಲ. ಏಟು ಬಿದ್ದಿದ್ದು ಕಣ್ಣು ಕಳಿಸಿದ್ದನ್ನು ನೋಡಿಕೊಳ್ಳುವ ಮಿದುಳಿನ ಭಾಗಕ್ಕೆ. ಅದಕ್ಕೇ ಎರಡೂ ಕಣ್ಣು ಬಿಟ್ಟಿದ್ದರೂ ಅಪ್ಪನಿಗೆ ಎಡಗಡೆಯದು ಕಾಣುತ್ತಿರಲಿಲ್ಲ. ಅಲ್ಲಿ ಕತ್ತಲೆಯಲ್ಲ, ಆ ಕಡೆ ಅನ್ನುವುದೇ ಇಲ್ಲ ಎಂಬ ಹಾಗೆ. ಎಡಕ್ಕೇ ನಿಂತಿದ್ದ ಅಮ್ಮನನ್ನು ಎಲ್ಲಿ ಹೋದೆ ಎಂದು ಕೂಗುತ್ತಿದ್ದ.

ಹೋದ ನೋಟ ಪೂರ್ತಿ ಮರಳದೇ ಇರಬಹುದು, ಆದರೆ ಎಡಕ್ಕೆ ಹೋಗಿ ಹುಡುಕುವುದನ್ನು ಕಣ್ಣಿಗೂ ಕುತ್ತಿಗೆಗೂ ಕಲಿಸಬಹುದು ಎಂದಿದ್ದರು, ಆಸ್ಪತ್ರೆಯಲ್ಲಿ ತರಬೇತಿ ಕೊಡುವ ಅಕ್ಕ. ಹೋಂವರ್ಕ್ ಕೂಡ ಕೊಟ್ಟಿದ್ದರು. ದಿನವೂ ಗೋಡೆಯ ತುಂಬ ಇಪ್ಪತ್ತು ಕೆಂಪು ಸ್ಟಿಕ್ಕರ್. ಅಪ್ಪ ನಿಂತಲ್ಲೇ ನಿಂತು ಮೂರು ನಿಮಿಷದಲ್ಲಿ ಅವನ್ನು ಹುಡುಕಬೇಕು. ಅಂಟಿಸುವುದು, ಟೈಮ್ ನೋಡುವುದು, ಎಷ್ಟು ಸಿಕ್ಕಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ಕಡ್ಡಿಯ ಕೆಲಸ.

ಮೊದಲ ದಿನ ಒಂಬತ್ತು. ಮರುದಿನ ಎಂಟು. ಎಂಟು ಬಂದ ದಿನ ಅಪ್ಪ ಊಟಕ್ಕೇ ಏಳಲಿಲ್ಲ.

ಅದರ ಮಾರನೇ ದಿನ ಕಡ್ಡಿ ಹೆಚ್ಚಿನ ಸ್ಟಿಕ್ಕರ್‌ಗಳನ್ನು ಬಲಗಡೆಯೇ ಅಂಟಿಸಿದಳು. ಹದಿನೈದು ಸಿಕ್ಕಿದವು. ಅಪ್ಪ ಸಿಳ್ಳೆ ಹಾಕಿದ. ಆಮೇಲೆ ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಹದಿನೆಂಟಾಯಿತು, ಇಪ್ಪತ್ತಾಯಿತು. ಮೊನ್ನೆ ಫೋನಿನಲ್ಲಿ ಅಂಕಿ ಕೇಳಿದ ಅಕ್ಕ ಖುಷಿಯಾಗಿ, ಅಂಗಡಿ ತೆರೆಯಬಹುದು ಎಂದುಬಿಟ್ಟರು.

ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋದ ಮೇಲೆ ಅಪ್ಪ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

"ಅಪ್ಪಾ, ಕತ್ತಿ ತಗೊಂಡು ಹೋಗ್ಬೇಡ."

"ಮತ್ತೆ ತಾತನ ಗಡ್ಡನ ಹಲ್ಲಲ್ಲಿ ಕೀಳ್ಲಾ?"

ಕಡ್ಡಿ ನಗಲಿಲ್ಲ. "ಇಪ್ಪತ್ತು ಅಂತ ಬರೆದಿದ್ದೀನಲ್ಲ, ಅದು... ನಾನು ಎಲ್ಲಾ ಬಲಗಡೆ ಅಂಟಿಸ್ತಿದ್ದೆ. ಎಡಗಡೆ ಒಂದೋ ಎರಡೋ ಅಷ್ಟೇ."

ಅಪ್ಪ ಬೈಯುತ್ತಾನೆ ಎಂದುಕೊಂಡು ಅವಳು ಕಾದಳು. ಅಪ್ಪ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತ.

"ನಂಗೂ ಅನುಮಾನ ಇತ್ತು ಕಣೆ," ಎಂದ. "ಕೇಳಿದ್ರೆ ನೀನು ಹೌದು ಅಂದ್ಬಿಟ್ರೆ ಅಂತ ಕೇಳ್ಲೇ ಇಲ್ಲ."

ಕಡ್ಡಿಗೆ ಅಳು ಬಂತು. ಅಳುತ್ತಲೇ ಎದೆ ಹಗುರವಾಯಿತು. ಈ ಸುಳ್ಳನ್ನು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು. ಅದರ ಇನ್ನೊಂದು ತುದಿ ಅಪ್ಪನ ಕೈಯಲ್ಲಿತ್ತು.

ಅಪ್ಪ ಸ್ಟಿಕ್ಕರ್ ಹಾಳೆ ಕೊಟ್ಟ. "ಈಗ ಅಂಟಿಸು. ಅಯ್ಯೋ ಪಾಪ ಅನ್ನೋದು ಬೇಡ."

ಕಡ್ಡಿ ಕಿಟಕಿಯ ಪಕ್ಕ, ಗಡಿಯಾರದ ಕೆಳಗೆ, ಮೂಲೆ ಮೂಲೆಗೂ ಅಂಟಿಸಿದಳು. ಅಪ್ಪನ ಮುಖ ಎಡಕ್ಕೆ ತಿರುಗಿ ಕಿಟಕಿಯನ್ನು ಮುಟ್ಟಿ, ಅಲ್ಲಿಂದ ನೆಲ ಒರೆಸುವವರ ಹಾಗೆ ಸಾಲುಸಾಲಾಗಿ ಬಲಕ್ಕೆ ಬಂತು. ಮೂರು ನಿಮಿಷ ಮುಗಿದಾಗ ಹದಿಮೂರು.

"ಎಂಟಲ್ಲ," ಎಂದ ಅಪ್ಪ.

"ಇಪ್ಪತ್ತೂ ಅಲ್ಲ," ಎಂದಳು ಕಡ್ಡಿ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಪ್ಪ ಅಕ್ಕನಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟ. ಕಡ್ಡಿ ಎಲ್ಲವನ್ನೂ ಹೇಳಿದಳು. ಆಮೇಲೆ ಅಕ್ಕ, ತಾನೇ ಪರೀಕ್ಷೆ ಮಾಡುವವರೆಗೆ ಕತ್ತಿ ಮುಟ್ಟುವಂತಿಲ್ಲ ಎಂದರು. ಕತ್ತರಿಯಾದರೂ ಬಾಚಣಿಗೆಯ ಮೇಲಷ್ಟೇ, ಅದೂ ಹಿಂದಲೆಗೆ ಮಾತ್ರ, ಜೊತೆಯಲ್ಲಿ ಒಬ್ಬರು ಇರಲೇಬೇಕು. ಹದಿಮೂರು ಕಡಿಮೆಯೇನಲ್ಲ ಎಂದೂ ಸೇರಿಸಿದರು.

ಅಂಗಡಿಯಲ್ಲಿ ಅಪ್ಪ ತಾತನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಾತ ಹಾಯಾಗಿ ಕುರ್ಚಿ ಏರಿ ಕುಳಿತರು.

"ಗಡ್ಡ ನನ್ನ ಬಿಟ್ಟು ಎಲ್ಲಿಗೆ ಹೋಗುತ್ತಪ್ಪಾ. ಹಿಂದ್ಗಡೆ ಹೆಚ್ಚುಕಮ್ಮಿ ಆದ್ರೂ ನಂಗೆ ಕಾಣಲ್ಲ. ನನ್ನ ಹಿಂದೆ ಬರೋರು ಅನುಭವಿಸ್ಲಿ."

ಅಪ್ಪ ಕುರ್ಚಿಯ ಹಿಂದೆ ಅತ್ತಿಂದಿತ್ತ ಸರಿಯುತ್ತ, ಬಾಚಣಿಗೆ ಇಟ್ಟು ಕತ್ತರಿಸಿದ. ಮುಗಿಯಿತೆಂದು ತಾತನ ಕೊರಳಿನ ಬಟ್ಟೆಯ ಗಂಟಿಗೆ ಕೈ ಹಾಕಿದ.

ಆಗ ಕಡ್ಡಿಗೆ ಕಂಡಿತು. ಎಡಗಡೆ, ಕತ್ತಿನ ಹತ್ತಿರ, ಹೆಬ್ಬೆರಳಿನಷ್ಟು ಕೂದಲು ಹಾಗೇ ಉಳಿದಿದೆ.

ಅಪ್ಪಾ ಎನ್ನಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡಳು. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದಳು.

ಗಂಟಿನ ಮೇಲಿದ್ದ ಕೈ ನಿಂತಿತು. ಅಪ್ಪನ ಮುಖ ಎಡಕ್ಕೆ ಹೊರಳಿತು, ಇನ್ನೂ ಸ್ವಲ್ಪ ಎಡಕ್ಕೆ. ಬಾಚಣಿಗೆ ಮತ್ತೆ ಮೇಲೆದ್ದಿತು.

"ಇಲ್ಲೊಬ್ಬ ಅಡಗಿ ಕೂತಿದ್ದ," ಎಂದ ಅಪ್ಪ, ಹೆಮ್ಮೆಯಿಂದ.

ಕಡ್ಡಿ ಹಿಡಿದಿದ್ದ ಉಸಿರು ಬಿಟ್ಟಳು.

ಸಂಜೆ ಅಮ್ಮನಿಗೆ ನೋಟ್‌ಬುಕ್ಕಿನ ವಿಷಯ, ಫೋನಿನ ವಿಷಯ, ತಾತ ಎರಡೆರಡು ಸಲ ಕನ್ನಡಿ ಕೇಳಿ ಪಡೆದು ನೋಡಿಕೊಂಡ ವಿಷಯ ಎಲ್ಲ ಹೇಳಿದಳು. ಆ ಕೂದಲು ಅಪ್ಪನಿಗಿಂತ ಮೊದಲು ತನಗೆ ಕಂಡಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಯಾರಿಗೂ ಹೇಳುವುದಿಲ್ಲ, ಅಪ್ಪನಿಗಂತೂ ಇಲ್ಲವೇ ಇಲ್ಲ, ಎಂದುಕೊಂಡಳು.