ತೊಟ್ಟಿಲು ಬಿಟ್ಟುಹೋದ ಕಳ್ಳ

ಊಟದ ವಿರಾಮ ಮುಗಿದು ಸಭಾಂಗಣದ ಬಾಗಿಲು ತೆರೆದಾಗ ಸರಿಯಾಗಿ ಎರಡು ಗಂಟೆ. ಎರಡು ಗಂಟೆ ಒಂದು ನಿಮಿಷಕ್ಕೆ ಒಳಗೆ ಹೋದವರು ಕೂಗಿಕೊಂಡರು.

ಕೂಗಿದ್ದು ಎಂಜಿನ್ ಕಾಣೆಯಾಗಿದೆಯೆಂದು. ಕಾವಲುಗಾರ ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ತಲೆಯೊಡೆದು ಬಿದ್ದಿದ್ದಾನೆಂದು ಅವರಿಗೆ ಗೊತ್ತಾಗುವ ಹೊತ್ತಿಗೆ ಇನ್ನೂ ಐದು ನಿಮಿಷ ಕಳೆದಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಅವನನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ನೆಲದ ಮೇಲೆ ರಕ್ತ ಹೆಪ್ಪುಗಟ್ಟುತ್ತಿತ್ತು. ಪಕ್ಕದಲ್ಲಿ ಹಿತ್ತಾಳೆಯ ಸೀಟಿಯೊಂದು ಬಿದ್ದಿತ್ತು. ಆಕೆ ಅದನ್ನು ಕರವಸ್ತ್ರದಲ್ಲಿ ಎತ್ತಿಕೊಂಡಳು.

"ಮೊದಲು ಫೋನ್ ಹೋಗಿದ್ದು ಆಸ್ಪತ್ರೆಗೋ, ನಮ್ಮ ಸ್ಟೇಷನ್‌ಗೋ?"

"ನಿಮಗೇ, ಮೇಡಂ." ಸಂಘದ ಕಾರ್ಯದರ್ಶಿ ತಲೆ ತಗ್ಗಿಸಿದ. ಐವತ್ತರ ಸಣಕಲು ಮನುಷ್ಯ. ಅತ್ತು ಕಣ್ಣು ಕೆಂಪಾಗಿದ್ದವು. "ಅಂಥ ಎಂಜಿನ್ ಹೋಯ್ತಲ್ಲ ಅಂತ ಕೈಕಾಲೇ ಆಡಲಿಲ್ಲ. ತಾತ ಬಿದ್ದಿದ್ದು ಆಮೇಲೆ ಗೊತ್ತಾಯ್ತು."

ಆಕೆಗೆ ಮೈ ಉರಿಯಿತು. ಆದರೆ ಉರಿದುಕೊಂಡು ಕೂರಲು ಸಂಬಳ ಕೊಡುವುದಿಲ್ಲ.

ಪುಟ್ಟ ರೈಲುಗಳನ್ನು ಮಾಡಿ ಓಡಿಸುವವರ ಸಂಘದ ವಾರ್ಷಿಕ ಪ್ರದರ್ಶನವದು. ಎಂಟು ಮೇಜುಗಳನ್ನು ಜೋಡಿಸಿ ಅವುಗಳ ಮೇಲೊಂದು ಲೋಕವನ್ನೇ ಕಟ್ಟಿದ್ದರು. ಬೆಟ್ಟ, ಸುರಂಗ, ನಿಲ್ದಾಣ, ಏರುದಾರಿಯಲ್ಲೊಂದು ಸೇತುವೆ. ನಿಲ್ದಾಣದಲ್ಲಿ ಐದು ಬೋಗಿಗಳು ಎಂಜಿನ್ ಇಲ್ಲದೆ ನಿಂತಿದ್ದವು. ಕಾಣೆಯಾದ ಎಂಜಿನ್ ಗೇಣುದ್ದದ್ದು. ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ಹಿತ್ತಾಳೆಯಲ್ಲಿ, ಒಂದೊಂದು ಚಕ್ರವನ್ನೂ ಕೈಯಲ್ಲೇ ಕೊರೆದು, ಹನ್ನೊಂದು ವರ್ಷ ಕೂತು ಮಾಡಿ, ಕಪ್ಪು ಬಣ್ಣ ಬಳಿದಿದ್ದರಂತೆ. ಹೋದ ವರ್ಷ ತೀರಿಕೊಂಡರು. ಅದನ್ನು ಮ್ಯೂಸಿಯಂಗೆ ಕೊಡಬೇಕೆಂದು ಬರೆದಿಟ್ಟಿದ್ದರು. ಅಲ್ಲಿಯವರೆಗೆ ಕಾರ್ಯದರ್ಶಿಯ ವಶದಲ್ಲಿತ್ತು. ಮ್ಯೂಸಿಯಂನ ತಜ್ಞರು ಅದನ್ನು ಬಿಚ್ಚಿ ಪರೀಕ್ಷಿಸಿ ಒಯ್ಯಲು ಇವತ್ತೇ ಮೂರು ಗಂಟೆಗೆ ಬರುವವರಿದ್ದರು.

"ಊಟದ ಹೊತ್ತಲ್ಲಿ ಒಳಗೆ ಯಾರ್ಯಾರಿದ್ರು?"

"ಸೀಟಿ ತಾತ, ಅದೇ ಕಾವಲಿನವನು, ಇಲ್ಲಿ ಕೆಳಗೆ. ನಾನು ಮೇಲಿನ ಕೋಣೇಲಿ ಬಹುಮಾನದ ಪತ್ರಗಳಿಗೆ ಸಹಿ ಹಾಕ್ತಿದ್ದೆ. ಉಳಿದ ಆರು ಜನ ಎದುರಿನ ಹೋಟೆಲ್‌ಗೆ ಹೋಗಿದ್ರು. ಮುಂಬಾಗಿಲ ಬೀಗದ ಕೈ ನನ್ನ ಹತ್ರವೇ ಇತ್ತು." ಅವನು ದನಿ ತಗ್ಗಿಸಿದ. "ಹೇಳಬಾರದು ಮೇಡಂ, ಆದ್ರೂ ಹೇಳ್ತೀನಿ. ಹಿಂಬಾಗಿಲ ಚಿಲಕ ತೆಗೆದಿತ್ತು. ತಾತನೇ ಯಾರಿಗೋ ತೆಗೆದುಕೊಟ್ಟಿರಬೇಕು. ಆಮೇಲೆ ಪಾಲಿಗೆ ಜಗಳ ಆಗಿರಬೇಕು."

ಜೊತೆಗೆ ಬಂದಿದ್ದ ದಫೇದಾರ ಹಿಂಬಾಗಿಲು ನೋಡಿಬರಲು ಹೊರಟ. ಗೋಡೆಯ ಪಕ್ಕ ಸಾಲಾಗಿಟ್ಟಿದ್ದ ಕೆಂಪು ಬಕೆಟ್ಟೊಂದನ್ನು ಎಡವಿ, ಬೆಂಕಿ ಆರಿಸುವ ಮರಳನ್ನು ಬೂಟಿನ ತುಂಬಾ ತುಂಬಿಕೊಂಡು, ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನುಂಗಿಕೊಂಡ.

"ಮೇಡಂ, ಈ ಬಾಗಿಲು ಎರಡು ಬೆರಳಿಗಿಂತ ಜಾಸ್ತಿ ತೆರೆಯಲ್ಲ" ಎಂದು ಆ ತುದಿಯಿಂದ ಹೇಳಿದ. "ಹೊರಗಡೆ ಕುರ್ಚಿ ಪೇರಿಸಿಟ್ಟಿದಾರೆ. ಬೆಳಿಗ್ಗೆನೇ ಇಳಿಸಿದ್ರಂತೆ. ಇಲಿ ಬೇಕಾದ್ರೆ ಹೋಗಬಹುದು. ನನ್ನಂಥೋನಂತೂ ಹೋಗೋ ಮಾತೇ ಇಲ್ಲ."

ಅಲ್ಲಿಗೆ ಹೊರಗಿನ ಕಳ್ಳನ ಕಥೆ ಮುಗಿಯಿತು. ಮಾಡಿದವನು ಒಳಗೇ ಇದ್ದ.

* * *

ಒಳಗೆ ಇನ್ನೊಬ್ಬನಿದ್ದ. ಶೌಚಾಲಯದಲ್ಲಿ ಸಿಕ್ಕ. ಬಿಸಿಲಿನಲ್ಲೂ ಕೋಟು ಹಾಕಿಕೊಂಡಿದ್ದರಿಂದ ಸಂಘದವರೆಲ್ಲ ಅವನನ್ನು ಕೋಟಿನವರು ಎನ್ನುತ್ತಿದ್ದರು. ಹಳೆಯ ಎಂಜಿನ್‌ಗಳನ್ನು ಕೂಡಿಡುವ ಚಟದವನು. ಇದೊಂದಕ್ಕಾಗಿ ಮೂರು ವರ್ಷದಿಂದ ಮುದುಕರ ಮನೆ ಬಾಗಿಲು ಸವೆಸಿದ್ದ. ಅವನ ಚೀಲದಲ್ಲಿ ಒಂದು ಪೆಟ್ಟಿಗೆಯಿತ್ತು. ಒಳಗೆ ಮೆತ್ತನೆಯ ಫೋಮ್. ಫೋಮಿನ ನಡುವೆ ಎಂಜಿನ್‌ನದೇ ಅಳತೆಯ ಗುಂಡಿ.

"ಸಿಕ್ಕಿಬಿದ್ದ" ಎಂದ ದಫೇದಾರ.

"ಪೆಟ್ಟಿಗೆ ಖಾಲಿ ಇದೆಯಲ್ಲ ಸ್ವಾಮಿ" ಎಂದ ಕೋಟಿನವನು. ಮುಖ ಬೆವರಿತ್ತು. "ಮ್ಯೂಸಿಯಂನೋರು ಬೇಡ ಅಂದ್ರೆ ಕೇಳಿ ನೋಡೋಣ ಅಂತ ತಂದಿದ್ದೆ. ಜನ ಖಾಲಿಯಾದ ಮೇಲೆ ಒಮ್ಮೆ ಹತ್ತಿರದಿಂದ ನೋಡೋಣ ಅಂತ ಬಚ್ಚಿಟ್ಟುಕೊಂಡೆ, ಅದು ತಪ್ಪು. ಏನೋ ದಢಾರ್ ಅಂತ ಬಿದ್ದ ಸದ್ದಾಯ್ತು. ಹೆದರಿ ಬೋಲ್ಟ್ ಹಾಕ್ಕೊಂಡು ಕೂತುಬಿಟ್ಟೆ."

"ಎಷ್ಟು ಹೊತ್ತಿಗೆ?"

"ಒಂದೂ ನಲವತ್ತು."

ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಬಗ್ಗಿ ನೋಡಿದಳು. ಮೊದಲ ಬೋಗಿಯ ಮುಂದೆ ಕೂದಲೆಳೆಯಷ್ಟು ಸಣ್ಣ ಕೊಂಡಿಗಳ ಸರಪಳಿ. ಅದು ಕೆಳಗೆ ಜೋತುಬಿದ್ದಿರಲಿಲ್ಲ. ಬೋಗಿಯದೇ ಕೊಕ್ಕೆಗೆ ನೀಟಾಗಿ ಸಿಕ್ಕಿಸಿತ್ತು.

"ಎಂಜಿನ್‌ನಿಂದ ಇದನ್ನ ಬಿಡಿಸೋಕೆ ಎಷ್ಟು ಹೊತ್ತು ಬೇಕು?"

"ಕೈ ಪಳಗಿದ್ರೆ ಒಂದು ನಿಮಿಷ" ಎಂದ ಸಂಘದವನೊಬ್ಬ. "ಬಿಡಿಸಿದ ಮೇಲೆ ಹೀಗೆ ಎತ್ತಿ ಹಾಕಬೇಕು ಮೇಡಂ. ಇಲ್ಲಾಂದ್ರೆ ಹಳಿಗೆ ತಾಗಿ ಬೋಗಿ ಹಾಳಾಗುತ್ತೆ. ಈ ಬೋಗಿಗಳೂ ಆ ಅಜ್ಜನ ಕೈಯವೇ."

ಮೇಜಿನ ಕೆಳಗಿನ ಹಲಗೆಯ ಮೇಲೆ ಇನ್ನೊಂದು ಫೋಮ್ ಪೆಟ್ಟಿಗೆಯಿತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ.

"ಇದೇನು?"

"ತೊಟ್ಟಿಲು. ನಾವು ಹಾಗೇ ಕರೆಯೋದು. ಎಂಜಿನ್‌ನ ಹಳಿಯಿಂದ ಎತ್ತಿದ್ರೆ ತೊಟ್ಟಿಲಿಗೇ ಮಲಗಿಸಬೇಕು. ಬೇರೆಲ್ಲೂ ಇಡಬಾರದು."

ಕೋಟಿನವನಿಗೆ ತನ್ನ ಪಾಡು ಮರೆತೇಹೋಯಿತು. "ತೊಟ್ಟಿಲಿಲ್ಲದೆ ಎತ್ಕೊಂಡು ಹೋದ್ನಾ? ಅವನು ಮನುಷ್ಯನೇ ಅಲ್ಲ" ಎಂದ.

ಸಭಾಂಗಣವನ್ನು ಸಂಘದವರೇ ಹುಡುಕಿದರು. ಪೋಲೀಸರು ಕೈಹಾಕಿದರೆ ಬೆಟ್ಟ ಗುಡ್ಡ ಉರುಳುತ್ತವೆಂದು ಅವರಿಗೆ ಭಯ. ಸುರಂಗದೊಳಗೆ ಟಾರ್ಚ್ ಬಿಟ್ಟರು. ಎಲ್ಲರ ತೊಟ್ಟಿಲುಗಳನ್ನೂ, ಬಟ್ಟೆಯ ಗಂಟುಗಳನ್ನೂ ಬಿಚ್ಚಿದರು. ಎಂಜಿನ್ ಸಿಗಲಿಲ್ಲ. ಎಲ್ಲರ ಮೈಯನ್ನೂ ಚೀಲವನ್ನೂ ತಪಾಸಣೆ ಮಾಡಿದ್ದಾಯಿತು. ಹೊರಗೂ ಹೋಗಿಲ್ಲ, ಒಳಗೂ ಇಲ್ಲ.

"ಯಾರೂ ಕದಲಬಾರದು" ಎಂದು ಹೇಳಿ ಆಕೆ ಆಸ್ಪತ್ರೆಗೆ ಹೊರಟಳು.

* * *

ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು ಕಾವಲುಗಾರನ ಮಗಳು. ಸಿದ್ಧ ಉಡುಪಿನ ಕಾರ್ಖಾನೆಯಿಂದ ನೇರ ಬಂದಿದ್ದಳು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ಇನ್ನೂ ಅಲ್ಲೇ ಇತ್ತು.

"ಡಾಕ್ಟರ್ ಏನಂದ್ರಮ್ಮ?"

"ಇನ್ನಷ್ಟು ಬೇಗ ತಂದಿದ್ರೆ ಅಂದ್ರು. ಅಷ್ಟಕ್ಕೇ ಸುಮ್ಮನಾದ್ರು." ಅವಳು ನೆಲ ನೋಡುತ್ತಲೇ ಇದ್ದಳು. "ಟಿವಿಯೋರು ಬಂದಿದ್ರು, ಮೇಡಂ. ನಿಮ್ಮಪ್ಪ ಕಳ್ಳರ ಜೊತೆ ಸೇರ್ಕೊಂಡಿದ್ದು ಮನೆಯವರಿಗೆ ಗೊತ್ತಿತ್ತಾ ಅಂತ ಕೇಳಿದ್ರು. ಅಪ್ಪ ಉಳೀತಾರೋ ಇಲ್ವೋ, ಅದು ನಮ್ಮ ಕೈಯಲ್ಲಿಲ್ಲ. ಕಳ್ಳ ಅನ್ನಿಸ್ಕೊಂಡು ಮಾತ್ರ ಹೋಗಬಾರದು."

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಳು. ಇಂಥ ಹೊತ್ತಿನಲ್ಲಿ ಆಡಬೇಕಾದ ಮಾತು ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆಗೆ ಒಲಿದಿರಲಿಲ್ಲ. ಕೆಲಸದ ಮಾತನ್ನೇ ಆಡಿದಳು.

"ಇವತ್ತು ಅಪ್ಪ ಮಾತಾಡಿದ್ರಾ?"

"ಹನ್ನೊಂದಕ್ಕೆ ಫೋನ್ ಮಾಡಿದ್ರು. ಬರೀ ರೈಲಿನ ಮಾತೇ. ಮೂವತ್ತೊಂದು ವರ್ಷ ನಿಜವಾದ ರೈಲಲ್ಲಿ ಬೋಗಿ ಜೋಡಿಸೋ ಕೆಲಸ ಮಾಡಿದೋರು ಅವರು. ರಿಟೈರಾದ ಮೇಲೂ ರೈಲು ಬಿಟ್ಟಿರೋಕೆ ಆಗ್ದೆ ಈ ಕಾವಲು ಹಿಡಿದ್ರು. ಪ್ರತಿ ವರ್ಷ ಪ್ರದರ್ಶನದಲ್ಲಿ ಆ ಎಂಜಿನ್ ಹೊರಡೋದು ಅಪ್ಪ ಸೀಟಿ ಊದಿದ ಮೇಲೇನೇ. ರೈಲು ಕಂಡ್ರೆ ಬೋಗಿ ಎಣಿಸದೆ ಬಿಡೋರಲ್ಲ." ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಹೋದ ವರ್ಷ ಒಂಬತ್ತು ಎಳ್ಕೊಂಡು ಏರು ಹತ್ತಿತ್ತು ಮಗಾ, ಈ ಸಲ ಐದಕ್ಕೇ ಚಕ್ರ ಜಾರ್ತಿದೆ ಅಂದ್ರು. ಬೇಜಾರು ಮಾಡ್ಕೊಂಡಿದ್ರು. ಕಾರ್ಯದರ್ಶಿಗಳನ್ನ ಕೇಳ್ತೀನಿ ಅಂದ್ರು."

ದಫೇದಾರ ಜೀಪು ಹೊರಡಿಸಿದ. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರ್ ಕೈಯಲ್ಲಿ ಕರವಸ್ತ್ರದ ಗಂಟಿತ್ತು. ಅರ್ಧ ದಾರಿಗೆ ಬಂದಾಗ ಕೇಳಿದಳು.

"ದಫೇದಾರ್ರೇ, ನೀವು ಒಡವೆ ಕದ್ರೆ ಎಲ್ಲಿಡ್ತೀರಿ?"

"ನಾನಾ? ಭದ್ರವಾಗಿ, ಬಟ್ಟೇಲಿ ಸುತ್ತಿ…"

"ಅದು ಗಿಲೀಟು ಅಂತ ಮೊದಲೇ ಗೊತ್ತಿದ್ರೆ?"

* * *

ಐದೂವರೆಗೆ ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. ಏಳು ಜನ ಸಂಘದವರು, ಕೋಟಿನವನು.

"ಈ ಎಂಜಿನ್ ಓಡಿಸೋರು ಯಾರು?"

"ಕಾರ್ಯದರ್ಶಿಗಳೊಬ್ಬರೇ" ಎಂದ ಸಂಘದವನು. "ನಾವ್ಯಾರೂ ಮುಟ್ಟಲ್ಲ."

"ಹೋದ ವರ್ಷ ಒಂಬತ್ತು ಬೋಗಿ, ಈ ಸಲ ಐದು. ಯಾಕೆ?"

"ಸೇತುವೆ ಹಳೇದಾಗಿದೆ, ಭಾರ ಬೇಡ ಅಂತ ಇವರೇ ಹೇಳಿದ್ರು."

ಆಕೆ ಸೇತುವೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಎಳ್ಳಷ್ಟೂ ಬಗ್ಗಲಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿದಳು.

"ನಿಮ್ಮ ಉದ್ಯೋಗ ಏನು?"

"ಹಲ್ಲಿನ ಸೆಟ್ ಮಾಡ್ತೀನಿ. ಡಾಕ್ಟರ್‌ಗಳಿಗೆ."

"ಅಂದ್ರೆ ಅಚ್ಚು ತೆಗೆಯೋದು, ಎರಕ ಹುಯ್ಯೋದು, ನಿಜವಾದದ್ದರ ಥರಾನೇ ಕಾಣೋ ಹಾಗೆ ಬಣ್ಣ ಕೊಡೋದು." ಆಕೆ ಉತ್ತರಕ್ಕೆ ಕಾಯಲಿಲ್ಲ. "ದಫೇದಾರ್ರೇ, ಆ ಬಕೆಟ್‌ಗಳನ್ನ ಒಂದೊಂದಾಗಿ ಬೋರಲು ಹಾಕಿ."

ಮೊದಲೆರಡರಲ್ಲಿ ಬರೀ ಮರಳು. ಮೂರನೆಯದರಲ್ಲಿ ಮರಳಿನ ಜೊತೆ ಕಪ್ಪನೆಯದೊಂದು ನೆಲಕ್ಕೆ ಬಿತ್ತು. ಸಂಘದವರ ಬಾಯಿಂದ ನೋವಿನ ಸದ್ದು ಬಂತು. ಆರೂ ಜನ ಅದರತ್ತ ನುಗ್ಗಿದರು. ಕೋಟಿನವನು ಮಂಡಿಯೂರಿ ಚಕ್ರದಿಂದ ಮರಳು ಊದತೊಡಗಿದ. ಜಾಗ ಬಿಟ್ಟು ಕದಲದವನು ಒಬ್ಬನೇ.

"ನೀವ್ಯಾಕೆ ಓಡಲಿಲ್ಲ, ಕಾರ್ಯದರ್ಶಿಗಳೇ?"

ಅವನು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಕೋಟಿನವನು ಎಂಜಿನ್ನನ್ನು ಅಂಗೈಯಲ್ಲಿ ತೂಗಿ ನೋಡಿ ಗಕ್ಕನೆ ನಿಂತ. "ಹಗುರ ಇದೆ. ಇದು ಹಿತ್ತಾಳೆ ಅಲ್ಲ. ಇದು… ಇದು ಅದಲ್ಲ."

"ಅದಲ್ಲ" ಎಂದಳು ಇನ್ಸ್‌ಪೆಕ್ಟರ್. "ಬೆಳಿಗ್ಗೆ ನಿಮಗ್ಯಾರಿಗೂ ಕಾಣದ್ದು ಸೀಟಿ ತಾತನಿಗೆ ಕಂಡಿತ್ತು. ನೀವೆಲ್ಲ ಬಣ್ಣ ನೋಡಿದ್ರಿ, ಅವರು ಬೋಗಿ ಎಣಿಸಿದ್ರು. ತೂಕ ಇಲ್ಲದ ಎಂಜಿನ್‌ಗೆ ಹಳಿ ಮೇಲೆ ಹಿಡಿತ ಇರಲ್ಲ. ಒಂಬತ್ತು ಎಳೆದದ್ದು ಐದಕ್ಕೆ ಜಾರ್ತಿದ್ರೆ ಎಂಜಿನ್ನೇ ಬೇರೆ ಇರಬೇಕು."

ಆಕೆ ಬೋಗಿಯ ಸರಪಳಿಯತ್ತ ಬೆರಳು ತೋರಿಸಿದಳು.

"ಕಳ್ಳನಿಗೆ ಕೆಲಸ ಗೊತ್ತು. ಒಂದು ನಿಮಿಷ ತಾಳ್ಮೆಯಿಂದ ನಿಂತು ಸರಪಳಿ ಬಿಡಿಸಿದಾನೆ, ಬೋಗಿಗೆ ಪೆಟ್ಟಾಗಬಾರದು ಅಂತ ಕೊಕ್ಕೆಗೆ ಹಾಕಿದಾನೆ. ಬೋಗಿ ಮೇಲೆ ಅಷ್ಟು ಅಕ್ಕರೆ ಇರೋನು, ಹನ್ನೊಂದು ವರ್ಷದ ಎಂಜಿನ್‌ನ ತೊಟ್ಟಿಲಿಲ್ಲದೆ ಎತ್ತಿದಾನೆ. ಬೋಗಿ ಅಸಲಿ, ಎಂಜಿನ್ ನಕಲಿ ಅಂತ ಅವನಿಗೆ ಗೊತ್ತಿತ್ತು. ಕೋಟಿನವರು ಕದಿಯೋ ಹಾಗಿದ್ರೆ ಅವರ ತೊಟ್ಟಿಲು ತುಂಬಿರ್ತಿತ್ತು. ನೀವು ಆರು ಜನ ಮೆತ್ತನೆ ಜಾಗಗಳನ್ನೆಲ್ಲ ಹುಡುಕಿದ್ರಿ. ಎಂಜಿನ್‌ನ ಮರಳಲ್ಲಿ ಹೂಳ್ತಾರೆ ಅನ್ನೋದು ನಿಮ್ಮ ತಲೆಗೇ ಬರೋದಲ್ಲ. ಅದು ಈ ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತಿತ್ತು. ಮೂರು ಗಂಟೆಗೆ ಮ್ಯೂಸಿಯಂನೋರು ಬಿಚ್ಚಿ ನೋಡಿದ್ರೆ ಬಣ್ಣ ಬಯಲಾಗ್ತಿತ್ತು. ಅದಕ್ಕೆ ಮುಂಚೆ ಇದು ಮಾಯ ಆಗಲೇಬೇಕಿತ್ತು. ಹಿಂಬಾಗಿಲ ಚಿಲಕ ತೆಗೆದದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಹೊರಗಿನ ಕುರ್ಚಿ ನೀವು ನೋಡಿರಲಿಲ್ಲ, ಅಲ್ವಾ ಕಾರ್ಯದರ್ಶಿಗಳೇ?"

ಕಾರ್ಯದರ್ಶಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತ.

"ಅಸಲಿ ಎಲ್ಲಿ?"

"ಮನೇಲಿ. ನನ್ನ ಮಂಚದ ಪಕ್ಕದ ಬೀರೂಲಿ." ದನಿ ಕ್ಷೀಣವಾಗಿತ್ತು. "ಮಾರಿಲ್ಲ ಮೇಡಂ. ಒಂದು ವರ್ಷ ದಿನಾ ಸಂಜೆ ಓಡಿಸಿದೀನಿ. ಅವರು ಅದನ್ನ ಗಾಜಿನೊಳಗೆ ನಿಲ್ಲಿಸಿಬಿಡ್ತಾರೆ. ನನ್ನ ಕೈಯಿಂದ ಕೊಡೋಕೆ ಆಗಲಿಲ್ಲ. ತಾತ ಮೆಟ್ಟಿಲು ಹತ್ತಿ ಬಂದು, ಸಾರ್, ಇದು ನಮ್ಮ ಎಂಜಿನ್ ಅಲ್ಲ, ಮ್ಯೂಸಿಯಂನೋರಿಗೆ ಹೇಳೋಣ ಅಂದ. ತಳ್ಳಿಬಿಟ್ಟೆ. ಸಾಯಲಿ ಅಂತ ತಳ್ಳಲಿಲ್ಲ."

"ಆಮೇಲೆ?"

ಅವನು ಕಬ್ಬಿಣದ ಮೆಟ್ಟಿಲಿನ ಕಡೆ ನೋಡಿದ.

"ಆಮೇಲೆ ಬಿದ್ದವರನ್ನ ದಾಟ್ಕೊಂಡು ಬಂದ್ರಿ. ಅವರು ಅಲ್ಲಿ ರಕ್ತ ಸುರಿಸ್ತಿರುವಾಗ ಇಲ್ಲಿ ನಿಂತು ಸರಪಳೀನ ಕೊಕ್ಕೆಗೆ ಹಾಕಿದ್ರಿ. ಒಂದೂ ನಲವತ್ತರಿಂದ ಎರಡರವರೆಗೆ ಇಪ್ಪತ್ತು ನಿಮಿಷ."

ಆಕೆಯ ಫೋನ್ ಬಡಿದುಕೊಂಡಿತು. ಆಸ್ಪತ್ರೆಯದು. ಆಕೆ ಕೇಳಿಸಿಕೊಂಡಳು, ಹೂಂ ಎಂದಳು, ಫೋನ್ ಜೇಬಿಗಿಟ್ಟಳು.

"ಬೇಡಿ ಹಾಕಿ, ದಫೇದಾರ್ರೇ. ಈಗ ಇದು ಕೊಲೆ ಕೇಸು."

* * *

ನಾಲ್ಕನೆಯ ದಿನ ಬೆಳಿಗ್ಗೆ ಸಾಕ್ಷಿಗಳ ಎದುರು ಪರೀಕ್ಷೆ ನಡೆಯಿತು. ಬೀರುವಿನಿಂದ ವಶಪಡಿಸಿಕೊಂಡ ಎಂಜಿನ್ ಅಸಲಿಯೆಂದು ಕಾಗದದ ಮೇಲೆ ಬರಬೇಕಿತ್ತು. ಮ್ಯೂಸಿಯಂನ ತಜ್ಞರು ಬಂದಿದ್ದರು. ಇನ್ಸ್‌ಪೆಕ್ಟರ್ ಹೇಳಿಕಳಿಸಿದ್ದರಿಂದ ಕಾವಲುಗಾರನ ಮಗಳೂ ಬಂದಿದ್ದಳು. ಹಿಂದಿನ ದಿನದ ಸಂಜೆಪತ್ರಿಕೆಯಲ್ಲಿ ಅವಳ ತಂದೆಯ ಹೆಸರು ಸರಿಯಾದ ರೀತಿಯಲ್ಲೇ ಬಂದಿತ್ತು, ಆರನೆಯ ಪುಟದ ಮೂಲೆಯಲ್ಲಿ. ಮೊದಲ ದಿನ ಸಂಜೆ ಕಳ್ಳ ಎಂದಾಗ ಬಂದದ್ದು ಮೊದಲ ಪುಟದಲ್ಲಿ.

ತೂಕ ನೋಡಿದರು. ಬಿಚ್ಚಿದರು, ಮತ್ತೆ ಜೋಡಿಸಿದರು. ಎಂಜಿನ್ನನ್ನು ತೊಟ್ಟಿಲಿನಿಂದ ಎತ್ತಿ ಹಳಿಯ ಮೇಲಿಟ್ಟರು. ಹಿಂದೆ ಬೋಗಿಗಳನ್ನು ಜೋಡಿಸಿದರು. ಸಂಘದವನೊಬ್ಬ ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತ. ಯಾರಿಗಾಗಿ ಕಾಯುತ್ತಿದ್ದೇನೆಂದು ಅವನಿಗೇ ಆಮೇಲೆ ಹೊಳೆದಿರಬೇಕು. ಅವನ ಮುಖ ಪೆಚ್ಚಾಯಿತು.

ಇನ್ಸ್‌ಪೆಕ್ಟರ್ ಕರವಸ್ತ್ರ ಬಿಚ್ಚಿದಳು. ಸೀಟಿಯ ಕೆಲಸ ಪೋಲೀಸರಿಗೆ ಮುಗಿದಿತ್ತು. ಮಗಳು ಅದನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ ಊದಿದಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಸಭಾಂಗಣ ತುಂಬಿತು.

ಎಂಜಿನ್ ಹೊರಟಿತು. ಸುರಂಗ ದಾಟಿತು. ಏರಿನಲ್ಲಿ ನಿಧಾನವಾಯಿತು, ಆದರೆ ಚಕ್ರ ಜಾರಲಿಲ್ಲ. ಸೇತುವೆಯ ಮೇಲೆ ಸಾಗುತ್ತಿದ್ದ ಬೋಗಿಗಳನ್ನು ಅವಳು ಬೆರಳು ಮಡಿಸುತ್ತ ಎಣಿಸಿದಳು, ತುಟಿ ಅಲುಗುತ್ತಿತ್ತು. ಕೊನೆಯದು ದಾಟಿದ ಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಒಂಬತ್ತು. ಅಪ್ಪ ಹೇಳಿದ್ದೇ ಸರಿ. ಬರ್ಕೊಳ್ಳಿ, ಮೇಡಂ."

ಇನ್ಸ್‌ಪೆಕ್ಟರ್ ಬರೆದುಕೊಂಡಳು.