ಗಾಜಿನ ಪೆಟ್ಟಿಗೆಯ ತೊಗರಿ ಮಷಿನ್

ನನ್ನ ಮೀಸೆಗೂ ಬೆಂಕಿಗೂ ನಡುವೆ ಮೂರು ಬೆರಳು ಜಾಗ!

ಗ್ಯಾಸ್ ಕಟರ್ ಸ್ವಾಮಿ, ಗ್ಯಾಸ್ ಕಟರ್! ನೀಲಿ ಬೆಂಕಿ. ಅದರ ಸುಸ್ಸೆನ್ನುವ ಸದ್ದು ಕಿವಿಯ ಹತ್ತಿರ ಕೇಳಿದರೆ ಮಾಡಿದ ಪಾಪವೆಲ್ಲ ಒಂದೊಂದಾಗಿ ನೆನಪಾಗುತ್ತದೆ.

ಹಿಡಿದಿದ್ದವಳು ಖುರ್ಷೀದ್ ಬೇಗಂ. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಹುಮನಾಬಾದಿನ ಈ ವೆಲ್ಡಿಂಗ್ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಾಳೆ.

"ನನ್ನ ಬೇಟಿ ಚೋರ್ ಅಂತ ಯಾರ್ ಅಂದ್ರು?"

"ನಾನ್ ಅನ್ನಲಿಲ್ರಿ... ಯುನಿವರ್ಸಿಟಿಯವ್ರು ಅಂದಾರ್ರಿ!"

"ಅವ್ರ ಮೀಸಿ ಇಲ್ಲಿಲ್ಲ. ನಿಮ್ದದ."

ನ್ಯಾಯವಾದ ಮಾತು.

ನಾನು ಸೂರ್ಯಕಾಂತ. ಮಾಣಿಕನಗರದಲ್ಲಿ ತೆಂಗಿನಕಾಯಿ ಅಂಗಡಿಯ ಮೇಲೊಂದು ಕೋಣೆ, ಅದೇ ನನ್ನ ಆಫೀಸು. ಕಳೆದುಹೋದ ಬೈಕು, ಮಂಟಪದಿಂದ ಓಡಿಹೋದ ಮದುಮಗ... ಯಾವುದಿದ್ದರೂ ಹುಡುಕಿ ಕೊಡುತ್ತೇನೆ. ಕಳೆದುಹೋದ ಇನ್ನೋವೇಶನ್ ಹುಡುಕಿದ್ದು ಅದೇ ಮೊದಲು!

ಬೆಳಿಗ್ಗೆ ಎಂಟಕ್ಕೆ ಫೋನ್ ಬಂದಿತ್ತು. ಬಸವಕಲ್ಯಾಣದ ಹತ್ತಿರ ಎದ್ದಿರುವ ಹೊಸ ಖಾಸಗಿ ವಿಶ್ವವಿದ್ಯಾಲಯ. ಅದರ 'ನಾವೀನ್ಯ, ಉದ್ಯಮಶೀಲತೆ ಮತ್ತು ಸಮುದಾಯ ಸಹಭಾಗಿತ್ವ ಕೋಶ'. ಬೋರ್ಡು ಬಾಗಿಲಿಗಿಂತ ಅಗಲ. ನಿರ್ದೇಶಕರು ಡಾ. ತುಳಜಾರಾಮ.

ಒಳಗೆ ಹೋದರೆ ಸಾಲಾಗಿ ಹನ್ನೊಂದು ಗಾಜಿನ ಪೆಟ್ಟಿಗೆ. ಒಂದೊಂದರಲ್ಲಿ ವಿದ್ಯಾರ್ಥಿಗಳು ಮಾಡಿದ ಒಂದೊಂದು ಯಂತ್ರ. ಎಲ್ಲದರ ಮೇಲೂ ಒಂದೇ ಚೀಟಿ: 'ಮುಟ್ಟಬೇಡಿ.'

ಹನ್ನೊಂದನೆಯದು ಖಾಲಿ!

"ಇದು ನಮ್ಮ ಇಕೋಸಿಸ್ಟಮ್‌ಗೇ ಬಿದ್ದ ಪೆಟ್ಟು, ಸೂರ್ಯಕಾಂತ ಅವರೇ," ಎಂದರು ತುಳಜಾರಾಮ. "ತೊಗರಿ ಒಡೆದು ಬೇಳೆ ಮಾಡುವ ಮಷಿನ್. ಫೈನಲ್ ಇಯರ್ ಮೆಕ್ಯಾನಿಕಲ್ ಹುಡುಗಿ ಮುಸ್ಕಾನ ಇದರಲ್ಲಿ ಸ್ವಲ್ಪ ಸಹಾಯ ಮಾಡಿದ್ದಳು. ಅವಳೇ ಕದ್ದಿದ್ದಾಳೆ."

"ಯಾವತ್ತು ಕಳವಾಯ್ತ್ರಿ ಸರ್?"

"ಗೊತ್ತಿಲ್ಲ. ಇವತ್ತು ಗಾಜು ಒರೆಸೋಕೆ ಹೋದಾಗ ಕಂಡಿತು."

"ಅದಕ್ಕಿಂತ ಮೊದಲ ಯಾವತ್ತ ಒರಸಿದ್ರಿ?"

ಅವರು ಮೇಜಿನ ಡ್ರಾಯರ್ ಎಳೆದರು. ಒಂದು ಪತ್ರ ಕೊಟ್ಟರು. ಓದಿದೆ. 'ಈ ಯಂತ್ರದ ಪರಿಕಲ್ಪನೆ ಪೂರ್ತಿಯಾಗಿ ಡಾ. ತುಳಜಾರಾಮ ಅವರದು. ನಾನು ಬರೀ ಸಹಾಯಕಿ. ಪೇಟೆಂಟ್ ಅವರ ಹೆಸರಿನಲ್ಲಿ ಆಗಲು ನನ್ನ ತಕರಾರಿಲ್ಲ.' ಕೆಳಗೆ ಮುಸ್ಕಾನಳ ಸಹಿಗೆ ಜಾಗ.

"ಮಧ್ಯಾಹ್ನ ಎರಡಕ್ಕೆ ಮೌಲ್ಯಮಾಪನ ಸಮಿತಿ ಬರುತ್ತದೆ. ಅಷ್ಟರಲ್ಲಿ ಮಷಿನ್ ಪೆಟ್ಟಿಗೆಯಲ್ಲಿರಬೇಕು, ಸಹಿ ಪತ್ರದಲ್ಲಿರಬೇಕು. ಇಲ್ಲದಿದ್ದರೆ ಕಳವಿನ ಕಂಪ್ಲೇಂಟ್. ಅವಳ ಡಿಗ್ರಿ ಅಲ್ಲಿಗೇ ಮುಗೀತು!"

"ಸರ್, ಇವತ್ತ ಎಳ್ಳಮಾಸಿ ಅದರಿ."

"ಸೋ ವಾಟ್?"

ಕೇಳಿಸಿಕೊಂಡಿರಾ? ಬೀದರ್ ಜಿಲ್ಲೆಯಲ್ಲಿ ನಿಂತು, ಎಳ್ಳಮಾಸಿ ಆದರೇನು ಅನ್ನುತ್ತಾರೆ! ಎಳ್ಳು ಅಮಾವಾಸ್ಯೆ ಸ್ವಾಮಿ, ಊರಿಗೆ ಊರೇ ಬೀಗ ಹಾಕಿ ಹೊಲಕ್ಕೆ ಹೋಗುವ ದಿನ ಅದು. ತುಳಜಾರಾಮರು ಹುಟ್ಟಿದ್ದು ಚಿಟಗುಪ್ಪದಲ್ಲೇ. ಆದರೆ ಇನ್ನೋವೇಶನ್ ಕಲಿಯಲು ಎರಡು ಸಲ ಸಿಂಗಾಪುರಕ್ಕೆ ಹೋಗಿ ಬಂದಿದ್ದರು. ಕಲಿತರೋ ಇಲ್ಲವೋ, ಎಳ್ಳಮಾಸಿ ಮಾತ್ರ ಮರೆತು ಬಂದರು.

ಹೀಗೆ ನಾನು ಮುಸ್ಕಾನಳನ್ನು ಹುಡುಕುತ್ತ ಅವಳ ತಾಯಿಯ ಗ್ಯಾಸ್ ಕಟರ್ ಮುಂದೆ ಬಂದು ನಿಂತದ್ದು.

ಅಷ್ಟರಲ್ಲಿ ಅಂಗಡಿಯ ಹಿಂದೆ ಸ್ಕೂಟರ್ ಚಾಲೂ ಆದ ಸದ್ದು! ಖುರ್ಷೀದ್ ಬೇಗಂ ಅತ್ತ ತಿರುಗಿದಳು. ನಾನು ಬಗ್ಗಿದೆ, ಬೆಂಕಿಯ ಕೆಳಗೇ ನುಸುಳಿದೆ, ಹೊರಗೆ ಜಿಗಿದೆ. ಮೀಸೆಯ ಒಂದು ತುದಿ ಬೆಂಕಿಗೇ ಹೋಯಿತು.

ಕೆಂಪು ಓಢಣಿ. ಹೆಲ್ಮೆಟ್. ಮುಸ್ಕಾನ!

ನನ್ನ ಬುಲೆಟ್ ಬೈಕಿನ ಕಿಕ್ ಒದ್ದೆ. ಬೆನ್ನು ಹತ್ತಿದೆ.

ಕನ್ನಡಿಯಲ್ಲಿ ನೋಡಿದರೆ ನನ್ನ ಬೆನ್ನಿಗೊಂದು ಜೀಪು! ವಿಶ್ವವಿದ್ಯಾಲಯದ ಇಬ್ಬರು ವಾಚ್‌ಮನ್‌ಗಳು. ತುಳಜಾರಾಮರಿಗೆ ನನ್ನ ಮೇಲೂ ನಂಬಿಕೆಯಿಲ್ಲ. ನಾನು ಹುಡುಗಿಯ ಹಿಂದೆ, ಜೀಪು ನನ್ನ ಹಿಂದೆ. ಹೆದ್ದಾರಿ ಬಿಟ್ಟು ಮುಡಬಿಯ ದಾರಿ ಹಿಡಿದೆವು.

ಎರಡೂ ಕಡೆ ಹೊಲಗಳಲ್ಲಿ ಜನವೋ ಜನ. ಕಡಲೆ ಹೊಲದ ನಡುವೆ ಜೋಳದ ದಂಟಿನ ಕೊಂಪೆ, ಒಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ. ದಾರಿಯಲ್ಲಿ ಹೋಗುವವರನ್ನೆಲ್ಲ ಕೈಬೀಸಿ ಕರೆಯುತ್ತಿದ್ದರು. "ಬರ್ರಿ! ಉಂಡ್ ಹೋಗ್ರಿ!" ಆ ದಿನ ಯಾರನ್ನೂ ಹಸಿದು ಕಳಿಸುವುದಿಲ್ಲ. ಕಳ್ಳನಾದರೂ ಸರಿ, ಕಳ್ಳನನ್ನು ಹಿಡಿಯುವವನಾದರೂ ಸರಿ.

ಒಂದು ಹೊಲ ದಾಟಿದೆವು. ಜೀಪಿನ ವೇಗ ಇಳಿಯಿತು. ಎರಡನೆಯದರಲ್ಲಿ ಭಜ್ಜಿಯ ವಾಸನೆ ಬಂತು... ಹಸಿಗಡಲೆ, ಅವರೆ, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ. ಮೂರನೆಯ ಹೊಲದ ಬದುವಿನಲ್ಲಿ ಜೀಪು ನಿಂತೇಬಿಟ್ಟಿತು! ವಾಚ್‌ಮನ್‌ಗಳು ಚಪ್ಪಲಿ ಬಿಟ್ಟು ಕೂತದ್ದು ಕನ್ನಡಿಯಲ್ಲಿ ಕಂಡಿತು.

ನಾನು ನಿಲ್ಲಲಿಲ್ಲ. ಹೊಟ್ಟೆ ಮಾತ್ರ ನನ್ನ ಮೇಲೆ ಸಿಟ್ಟಾಯಿತು.

ಮುಡಬಿ ದಾಟಿ ಒಂದು ತೊಗರಿ ಹೊಲ. ಸ್ಕೂಟರ್ ನಿಂತಿತು. ನಾನೂ ಇಳಿದೆ. ಮರುಕ್ಷಣ ಹದಿನೈದು ಹೆಂಗಸರು ನನ್ನ ಸುತ್ತ! ಕೈಯಲ್ಲಿ ಸೌಟು. ಕಬ್ಬಿಣದ ಸೌಟು...

"ಯಾರಪ್ಪಾ ನೀ? ನಮ್ಮ ಹುಡುಗಿ ಬೆನ್ನ ಯಾಕ ಹತ್ತಿದಿ?"

ಕೇಳಿದವಳು ಶೇವಂತಾಬಾಯಿ, ಮುಡಬಿಯ ಮಹಿಳಾ ಸಂಘದ ಅಧ್ಯಕ್ಷೆ. ಅವಳ ಹಿಂದೆ, ಕೊಂಪೆಯ ಪಕ್ಕದಲ್ಲೇ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು ಮಷಿನ್!

"ಅವ್ವಾ, ಈ ಮಷಿನ್ ಕಳುವಿಂದು."

"ಕಳುವಿಂದಾ?" ಅವಳು ಕೊಂಪೆಯೊಳಗಿಂದ ಫ್ರೇಮು ಹಾಕಿಸಿದ ಒಂದು ಫೋಟೋ ತೆಗೆದಳು. ಅದರಲ್ಲಿ ತುಳಜಾರಾಮರು ಹಲ್ಲು ಕಿಸಿಯುತ್ತ, ಇದೇ ಮಷಿನನ್ನು ಇದೇ ಶೇವಂತಾಬಾಯಿಗೆ ಒಪ್ಪಿಸುತ್ತಿದ್ದರು. ಹಿಂದೆ ಬ್ಯಾನರು: 'ಸಮುದಾಯಕ್ಕೆ ಯಂತ್ರ ಹಸ್ತಾಂತರ'.

"ಶಾಲು ಹೊದಿಸಿದ್ರು, ಮಷಿನ್ ಕೊಟ್ರು, ಫೋಟೋ ಹೊಡದ್ರು. ಹೊಡದಾದ ಮ್ಯಾಲ ಮಷಿನ್ ಒಳಗ ಒಯ್ದು ಗಾಜಿನಾಗ ಇಟ್ರು. ನಮಗ ಫೋಟೋ ಒಂದ ಬಂತು. ಇಪ್ಪತ್ತ್ ದಿವಸದ ಹಿಂದ ಟಂಟಂ ಆಟೋ ತಗೊಂಡು ಹೋದೆ. ಗೇಟಿನಾಗ ಫೋಟೋ ತೋರಿಸ್ದೆ. ವಾಚ್‌ಮನ್‌ರು ಸಾಹೇಬ್ರ ಮುಖ ನೋಡಿ ಸಲಾಂ ಹೊಡದು, ತಾವೇ ಹೊತ್ತು ಟಂಟಂನ್ಯಾಗ ಇಟ್ಟಾರ!"

ಸ್ವಾಮಿ, ನನ್ನ ಇಪ್ಪತ್ತು ವರ್ಷದ ಅನುಭವದಲ್ಲಿ ಕಳ್ಳರು ಗೇಟ್ ಪಾಸ್ ತೋರಿಸಿ ಕದ್ದದ್ದು ಕಂಡಿರಲಿಲ್ಲ. ಅದೂ ಮಾಲೀಕನದೇ ಹಲ್ಲಿರುವ ಗೇಟ್ ಪಾಸ್!

ಮುಸ್ಕಾನ ಹೆಲ್ಮೆಟ್ ತೆಗೆದಳು. ಕಣ್ಣು ಕೆಂಪಗಿತ್ತು.

"ಕಾಕಾ, ಆ ಸರ್ ಮೊದಲೂ ಕೇಳಿದ್ ಸಹಿ ತಗೋಳಾಕ ಬಂದೀರಲ್ಲ? ಎರಡ್ ವರ್ಷ ಅಮ್ಮಿ ಅಂಗಡ್ಯಾಗ ಕೂತು ಮಾಡೇನಿ. ಕಲ್ಲು ಕೂಡಲಿಲ್ಲ, ಬ್ಯಾಳಿ ನುಚ್ಚಾತು, ಏಳ ಸಲ ಬಿಚ್ಚಿ ಕಟ್ಟೇನಿ. ಈ ಆಯಿಗೋಳ ಬೀಸೂಕಲ್ಲು ತಿರಿವಿ ತಿರಿವಿ ರಟ್ಟಿ ಬಿದ್ದಾವ ಅಂತ ಮಾಡೇನಿ. ಈಗ ನಾ ಸಹಾಯಕಿ ಏನ್ರಿ?"

ನಾನು ತಲೆ ತಗ್ಗಿಸಿದೆ. ನಾಚಿಕೆಯಾಯಿತು. ಎಷ್ಟೋ ಜನರ ಕೊರಳಪಟ್ಟಿ ಹಿಡಿದವನು ನಾನು. ಇಪ್ಪತ್ತೊಂದು ವರ್ಷದ ಹುಡುಗಿಯ ಮುಂದೆ ಕಿಸೆಯಿಂದ ಆ ಪತ್ರ ತೆಗೆಯಲು ಕೈ ಬರಲಿಲ್ಲ.

"ಮೊದ್ಲ ಉಣ್ಣು," ಎಂದಳು ಶೇವಂತಾಬಾಯಿ. "ಆಮ್ಯಾಲ ಜಗಳ."

ಸಜ್ಜೆ ರೊಟ್ಟಿ ಮುರಿದೆ. ಎರಡನೆಯ ತುತ್ತು ಬಾಯಲ್ಲಿದ್ದಾಗಲೇ ಧೂಳೆಬ್ಬಿಸುತ್ತ ಒಂದು ಬಿಳಿ ಕಾರು ಹೊಲಕ್ಕೆ ನುಗ್ಗಿತು!

ಡ್ರೈವರ್ ಅಂಬರೀಷ ಇಳಿದ. ಶೇವಂತಾಬಾಯಿಯ ಮಗ. ಹಿಂದಿನ ಬಾಗಿಲಿನಿಂದ ಕನ್ನಡಕದ ಹಿರಿಯ ಹೆಂಗಸು ಇಳಿದರು, ಸಮಿತಿಯ ಅಧ್ಯಕ್ಷೆ! ಜೊತೆಗೆ ಇಬ್ಬರು ಸದಸ್ಯರು. ಕೊನೆಗೆ, ಅವರನ್ನು ಕರೆತರಲು ಹೋಗಿದ್ದ ತುಳಜಾರಾಮ, ಬೆವರು ಒರೆಸಿಕೊಳ್ಳುತ್ತ!

"ಏ ಅಂಬರೀಷ! ಯುನಿವರ್ಸಿಟಿಗೆ ಅಂದ್ರೆ ಇಲ್ಲಿಗೆ ಯಾಕೆ ತಂದೆ?"

"ಸರ್, ಎಳ್ಳಮಾಸಿ ದಿವಸ ಗಾಡಿ ಹೊಡಿಯಾಕ ಯಾರೂ ಬರಲಿಲ್ಲ. ಹೊಲದಾಗ ಉಂಡು ಹೋಗತೇನಿ ಅಂತ ಮೊದಲ ಹೇಳೇನಲ್ರಿ. ಸಾಹೇಬ್ರಿಗಿ ಹಸಕೊಂಡು ಕೂಡಸಲಿ ಹ್ಯಾಂಗ?"

ಅಧ್ಯಕ್ಷೆ ಆಗಲೇ ಅಂಬಲಿಯ ಬಟ್ಟಲು ಹಿಡಿದಿದ್ದರು. ಅವರ ಕಣ್ಣು ಮಷಿನ್ ಮೇಲೆ ಬಿತ್ತು. "ಇದೇನ್ರಿ?"

ತುಳಜಾರಾಮರು ಗಾಳಿ ಬಂದತ್ತ ತೂರಿಕೊಳ್ಳುವುದರಲ್ಲಿ ನಿಸ್ಸೀಮರು! "ಮೇಡಂ, ಇದೇ ನಮ್ಮ ಸಮುದಾಯ ಸಹಭಾಗಿತ್ವ! ಸರ್‌ಪ್ರೈಸ್ ಆಗಿ ತೋರಿಸೋಣ ಅಂತ... ಪೂರ್ತಿ ನನ್ನದೇ ಪರಿಕಲ್ಪನೆ!"

"ಭೇಷ್. ಚಾಲೂ ಮಾಡ್ರಿ, ನೋಡೂಣು."

ಹೆಂಗಸರು ಸೌಟು ಕೆಳಗಿಟ್ಟು ಹತ್ತಿರ ಬಂದರು.

ತುಳಜಾರಾಮರು ಮಷಿನ್ ಸುತ್ತ ಒಂದು ಸುತ್ತು ಬಂದರು. ಬಗ್ಗಿದರು. ಹಿಂದೆ ತಡಕಿದರು. "ಸ್ವಿಚ್..." ಎಂದರು ಮೆಲ್ಲಗೆ.

ಸ್ವಿಚ್ಚೇ ಇರಲಿಲ್ಲ! ಅದರ ಹೊಟ್ಟೆಯಲ್ಲಿದ್ದದ್ದು ಹಳೆಯ ಮೊಪೆಡ್ ಎಂಜಿನ್. ಮುಸ್ಕಾನ ಬಂದಳು. ಓಢಣಿ ಸೊಂಟಕ್ಕೆ ಬಿಗಿದಳು. ಒಂದೇ ಒದೆತ!

ಮಷಿನ್ ಗುಡುಗಿತು. ಶೇವಂತಾಬಾಯಿ ಒಂದು ಬುಟ್ಟಿ ತೊಗರಿ ಸುರಿದಳು. ಕೆಳಗೆ ಹಳದಿ ಬೇಳೆ ಸುರಿಯಿತು. ಹೆಂಗಸರು ಕೇಕೆ ಹಾಕಿದರು. ನನ್ನ ಕಣ್ಣು ಒದ್ದೆಯಾಯಿತು. ಧೂಳು ಅಂದುಕೊಳ್ಳಬೇಡಿ, ಖುಷಿಗೇ ಆಯಿತು.

"ಹಂಗಾದ್ರ ಇದನ್ನ ಮಾಡಿದವ್ರು ಯಾರು?" ಅಧ್ಯಕ್ಷೆ ಕೇಳಿದರು.

ಈಗ ಕೈ ಬಂತು. ಕಿಸೆಯಿಂದ ಪತ್ರ ತೆಗೆದೆ. ಅವರ ಕೈಗಿಟ್ಟೆ.

"ಮಾಡಿದಾಕಿ ಆಕಿರಿ. ಮಾಡಿಲ್ಲಂತ ಆಕಿ ಕಡಿಂದ ಬರಸ್ಕೊಂಡ್ ಬಾ ಅಂತ ನನಗ ಕಳಿಸ್ಯಾರ್ರಿ."

ಅವರು ಓದಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು.

"ಅದು ಡ್ರಾಫ್ಟ್ ಮೇಡಂ!" ತುಳಜಾರಾಮರ ದನಿ ಕೀರಲಾಯಿತು. "ಟೈಪಿಂಗ್ ಮಿಸ್ಟೇಕ್!"

"ಮೂರು ಸಾಲಿನಾಗ ಮೂರೂ ಮಿಸ್ಟೇಕ್ ಏನ್ರಿ?"

ಮುಂದಿನದು ಬೇಗ ಮುಗಿಸುತ್ತೇನೆ. ಕಳವಿನ ಕಂಪ್ಲೇಂಟ್ ಇಲ್ಲ. ಮಷಿನ್ ಮುಡಬಿಯಲ್ಲೇ ಉಳಿಯಿತು. ಪೇಟೆಂಟ್ ಅರ್ಜಿ ಮುಸ್ಕಾನಳ ಹೆಸರಿನಲ್ಲೇ ಹೋಯಿತು. ವಿಶ್ವವಿದ್ಯಾಲಯಕ್ಕೆ ಮಾತ್ರ ಎ ಪ್ಲಸ್! ಜನರ ಕೈಯಲ್ಲಿ ನಿಜವಾಗಿ ಓಡುತ್ತಿದ್ದ ಯಂತ್ರವನ್ನು ಆ ಸಮಿತಿ ಕಂಡದ್ದು ಅಲ್ಲೇ ಮೊದಲಂತೆ. ತುಳಜಾರಾಮರಿಗೆ ಬಡ್ತಿ.

ಮುಸ್ಕಾನ ಪಾಸಾದಳೇ ಅಂತ ಕೇಳುತ್ತೀರಿ. ಎಲ್ಲ ವಿಷಯದಲ್ಲೂ ಪಾಸು. ಒಂದರಲ್ಲಿ ಫೇಲು: ಉದ್ಯಮಶೀಲತೆ! ಮಷಿನ್ ಮಾಡುತ್ತ ಕ್ಲಾಸು ತಪ್ಪಿಸಿದ್ದಳಲ್ಲ, ಹಾಜರಾತಿ ಸಾಲಲಿಲ್ಲ. ಆರು ತಿಂಗಳ ನಂತರ ಮತ್ತೆ ಕೂತಳು. ಅಷ್ಟರಲ್ಲಿ ತುಳಜಾರಾಮರು ಪಠ್ಯಕ್ಕೆ ತಾವೇ ಬರೆದ ಹೊಸ ಪಾಠ ಸೇರಿಸಿದ್ದರು. ಪ್ರಶ್ನೆಪತ್ರಿಕೆಯಲ್ಲೂ ಅದೇ ಬಂತು: 'ಮುಡಬಿಯ ತೊಗರಿ ಮಷಿನ್ ಹುಟ್ಟಿದ ಬಗೆಯನ್ನು ವಿವರಿಸಿ.'

ನಡೆದದ್ದನ್ನು ನಡೆದ ಹಾಗೇ ಬರೆದ ಮುಸ್ಕಾನಳಿಗೆ ಹತ್ತಕ್ಕೆ ನಾಲ್ಕು ಅಂಕ!