ಹದಿನಾರು ಕಡಲೆಕಾಯಿ

"ಬಾಯಿ ತೆಗಿ ಸ್ಪಂದನಾ... ತೆಗಿ ಅಂದೆ!"

ಶಿಶುವಿಹಾರದ ಟೀಚರ್ ಹೇಮಾವತಿ ಎಡಗೈಯಲ್ಲಿ ಮಗುವಿನ ಗಲ್ಲ ಹಿಡಿದು, ಬಲಗೈಯ ಬೆರಳನ್ನು ಬಾಯೊಳಗೆ ತೂರಿಸಿದ್ದಳು. ನಾಲ್ಕು ವರ್ಷದ ಸ್ಪಂದನ ಹೋ ಎಂದು ಅಳುತ್ತಿದ್ದಳು. ಕೊನೆಗೆ ಹೊರಬಂದದ್ದು ಒಂದು ಹುಣಸೆಬೀಜ.

"ಏನಮ್ಮ ಮಾಡ್ತಾ ಇದ್ದೀಯ ಮಗೂಗೆ?"

ಬಾಗಿಲಲ್ಲಿ ನಿಂತಿದ್ದವನು ಹಾಲೇಶ, ಸ್ಪಂದನಳ ಸೋದರಮಾವ. ಕಲ್ಯಾಣದುರ್ಗದಿಂದ ಹಿಂದೂಪುರದ ಮಾರ್ಕೆಟ್ಟಿಗೆ ಟೆಂಪೋದಲ್ಲಿ ಹುಣಸೆಹಣ್ಣು ಸಾಗಿಸುವವನು. ಸೋದರ ಸೊಸೆಯನ್ನು ಮನೆಗೆ ಕರೆದೊಯ್ಯಲು ಬಂದಿದ್ದ.

"ಈ ಬೀಜ ಕೊಟ್ಟು ಕಳ್ಸಿದ್ದು ನೀವೇನಾ?" ಹೇಮಾವತಿ ಬೀಜವನ್ನು ಅವನ ಮುಂದೆ ಹಿಡಿದಳು.

"ಹೂಂ. ಎಣಿಸಿ ಆಡ್ಕಳ್ಳಿ ಅಂತ ಕೊಟ್ಟೆ. ಹುಣಸೆಬೀಜ ಕಣಮ್ಮ, ವಿಷ ಅಲ್ಲ."

ಆ ಒಂದು ಪದಕ್ಕೆ ಅವಳ ಮುಖ ಬಿಳಿಚಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲೇಶ ಅದನ್ನು ಸೊಕ್ಕು ಅಂದುಕೊಂಡ.

ಸೊಕ್ಕಂತೆ... ಅವಳ ಎದೆ ಬಗೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ಗೋಡೆಯ ಮೇಲೆ ವಸಂತದ ಚಾರ್ಟ್ ತೂಗುತ್ತಿತ್ತು. ಬೇವಿನ ಹೂ ಆರಿಸುವುದು, ಚಿಗುರೆಲೆ ಜೋಡಿಸುವುದು, ಕರಟದಲ್ಲಿ ಬೀಜ ಬಿತ್ತುವುದು. ಮೂಲೆಯಲ್ಲಿ ಪೇರಿಸಿಟ್ಟ ತೆಂಗಿನ ಕರಟಗಳಿಗೆ ಜೇಡ ಬಲೆ ಕಟ್ಟಿತ್ತು. ಮಕ್ಕಳು ಮಾತ್ರ ಬೆಳಗಿನಿಂದ ಸ್ಲೇಟು ತಿದ್ದುತ್ತಿದ್ದವು. ಹಾಲೇಶ ಇದನ್ನೆಲ್ಲ ನೋಡಿದ. ನೇರ ಶಿಶುವಿಹಾರದ ಯಜಮಾನ ರಾಮಲಿಂಗಯ್ಯನವರ ಹತ್ತಿರ ಹೋಗಿ ಕಂಪ್ಲೇಂಟ್ ಕೊಟ್ಟ.

ಮರುದಿನ ರಾಮಲಿಂಗಯ್ಯನವರಿಂದ ಹೇಮಾವತಿಗೆ ಕರೆ ಬಂತು.

"ನೋಡಮ್ಮ, ಯುಗಾದಿಗೆ ಹನ್ನೆರಡು ದಿನ ಐತೆ. ಹಬ್ಬದ ಹಿಂದಿನ ದಿನ ತಾಯಂದ್ರು ಬತ್ತಾರೆ. ಎಲ್ಲಾ ಮಕ್ಕಳ ಕೈಯಾಗೂ ಮೊಳಕೆ ಬಂದಿರೋ ಕರಟ ಇರ್ಬೇಕು. ಆಗಲ್ಲ ಅಂದ್ರೆ ಹೇಳ್ಬುಡು, ಬೇರೆ ಟೀಚರ್ನ ನೋಡ್ಕೊಂತೀನಿ."

"ಸರಿ ಸಾರ್," ಎಂದಳು. ಆದರೆ ಹೇಗೆ? ಮಗುವಿನ ಕೈಗೆ ಬೀಜ ಇಡುವುದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ. ಇಲ್ಲಿಂದಲೂ ಹೊರಬಿದ್ದರೆ, ಅವಳ ಕೈಗೆ ಇನ್ನು ಯಾವ ತಾಯಿ ಮಗುವನ್ನು ಕೊಡುತ್ತಾಳೆ?

ಹೋದ ವರ್ಷ ಇದೇ ಕಾಲ. ಹಿಂದೂಪುರದ ಪಕ್ಕದ ಪರಿಗಿಯ ಒಂದು ಶಿಶುವಿಹಾರದಲ್ಲಿ ಹೇಮಾವತಿ ಮಕ್ಕಳಿಂದ ಕರಟದಲ್ಲಿ ಕಡಲೆಬೀಜ ಬಿತ್ತಿಸುತ್ತಿದ್ದಳು. ಅವಳು ನೀರು ತರಲು ತಿರುಗಿದಾಗ ಮುರಳಿ ಎಂಬ ನಾಲ್ಕು ವರ್ಷದ ಹುಡುಗ ಉಳಿದ ಬೀಜವನ್ನೆಲ್ಲ ತಿಂದುಬಿಟ್ಟ. ಅವು ವಿಷ ಕಲಸಿದ ಬಿತ್ತನೆ ಬೀಜ. ಹಿಂದೂಪುರದ ಆಸ್ಪತ್ರೆ ತಲುಪುವಾಗ ಮುರಳಿ ಅವಳ ಮಡಿಲಲ್ಲೇ ತಣ್ಣಗಾಗಿದ್ದ.

'ಬೀಜ ಯಾರು ತಂದಿದ್ದು?' ಎಂದು ವಿಚಾರಣೆಯಲ್ಲಿ ಕೇಳಿದರು.

'ನಾನೇ,' ಎಂದಿದ್ದಳು. ಅಷ್ಟೇ. ಕೆಲಸ ಹೋಯಿತು, ಹೆಸರೂ ಹೋಯಿತು. ಮಗು ತಿಂದವಳು ಎಂದು ಊರು ಉಗಿಯಿತು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಕಲ್ಯಾಣದುರ್ಗಕ್ಕೆ ಬಂದು, ಕೇವಲ ಎರಡು ತಿಂಗಳ ಹಿಂದೆ ಈ ಕೆಲಸಕ್ಕೆ ಸೇರಿದ್ದಳು.

ನಾಲ್ಕು ದಿನ ಕಳೆದವು. ಕರಟಗಳು ಮೂಲೆಯಲ್ಲೇ ಇದ್ದವು.

ಐದನೆಯ ದಿನ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ ಹಾಲೇಶ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟ, ದನಿ ತಗ್ಗಿಸಿದ.

"ಮೇಡಂ... ಹಿಂದೂಪುರದಾಗೆ ಧನಲಕ್ಷ್ಮಿ ಸಿಕ್ಕಿದ್ಲು."

ಹೇಮಾವತಿ ಮೇಜಿನ ಅಂಚು ಹಿಡಿದುಕೊಂಡಳು. ಧನಲಕ್ಷ್ಮಿ... ಮುರಳಿಯ ತಾಯಿ.

"ಸುಳ್ಳು ಯಾಕೆ ಹೇಳ್ಲಿ, ನಿಮ್ಮ ತಪ್ಪು ಹುಡ್ಕೋಕೇ ಹೋಗಿದ್ದೆ. ನೀವು ಪರಿಗಿಯೋರು ಅಂತ ರಾಮಲಿಂಗಯ್ಯನೋರು ಹೇಳಿದ್ರು. ಮಾರ್ಕೆಟ್ನಾಗೆ ಹುಣಸೆ ಬಿಡಿಸೋ ಪರಿಗಿ ಹೆಂಗಸರ್ನ ಕೇಳ್ದೆ. ಎಲ್ರೂ ಬೈದ್ರು. ಧನಲಕ್ಷ್ಮಿ ಒಬ್ಬಳು ಮಾತ್ರ ಟೆಂಪೋ ತಂಕ ಹಿಂದೇನೇ ಬಂದು ಅತ್ಬುಟ್ಲು. ಬಿತ್ತಿ ಉಳಿದಿದ್ದ ಬೀಜ ಅಂತೆ. ಎರಡು ಸಲ ತೊಳ್ದು, ಬಿಸ್ಲಾಗೆ ಒಣಗಿಸಿ, ಕೆಂಪೆಲ್ಲ ಹೋಯ್ತು ಅಂತ, ಶಿಶುವಿಹಾರದಾಗೆ ಬಿತ್ತೋಕೆ ಮಗನ ಕೈಗೆ ಕೊಟ್ಟೋಳು ಅವಳೇ ಅಂತೆ."

ಈ ಸೀಮೆಯಲ್ಲಿ ಬಿತ್ತನೆ ಬೀಜಕ್ಕೆ ಹುಳ ಹಿಡಿಯದಂತೆ ಕೆಂಪು ಮಂದು, ಅಂದರೆ ವಿಷದ ಔಷಧಿ, ಕಲಸದ ಮನೆಯಿಲ್ಲ. ಉಳಿದ ಬೀಜ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ತೊಳೆದರೆ ಬಣ್ಣ ಹೋಗುತ್ತದೆ. ಬಣ್ಣದ ಜೊತೆ ವಿಷವೂ ಹೋಯಿತು ಎಂದು ನಂಬಿದ ತಾಯಿ ಅವಳೊಬ್ಬಳೇ ಅಲ್ಲ.

"ಯಾರಿಗಾದ್ರೂ ಹೇಳಿದ್ರಾ?" ಹೇಮಾವತಿಗೆ ಮೊದಲು ಬಂದದ್ದು ಆ ಭಯ. "ಅವಳ ಗಂಡಂಗೆ ಗೊತ್ತಾಗ್ಬಾರ್ದು."

"ಯಾರಿಗೂ ಹೇಳಿಲ್ಲ. ಆದ್ರೆ ನೀವ್ಯಾಕೆ ಹಿಂಗೆ ಮಾಡಿದ್ರಿ?"

"ಆಸ್ಪತ್ರೆ ಮೆಟ್ಲ ಮೇಲೆ ಅವಳ ಮುಖ ನೋಡಿದೆ... ಮಡ್ಲಾಗೆ ಆರು ತಿಂಗಳ ಕೂಸು. 'ಯಾರು ಕೊಟ್ಟಿದ್ದು' ಅಂತ ಗಂಡ ಕೂಗ್ತಾ ಇದ್ದ. ನಿಜ ಹೊರಗೆ ಬಂದ್ರೆ ಇವಳು ನಾಳೆ ಬೆಳಗ್ಗೆ ಇರಲ್ಲ ಅನ್ನಿಸ್ತು. ನಾನೇ ಅಂದ್ಬುಟ್ಟೆ." ಅವಳ ಕಣ್ಣು ಒಣಗಿತ್ತು. "ಪೂರ್ತಿ ಸುಳ್ಳೂ ಅಲ್ಲ. ಬಿಳೀಗಿದ್ವು, ಅಡುಗೆಮನೇವು ಅಂದ್ಕೊಂಡೆ. ಒಂದ್ಸಲ ಮೂಸಿ ನೋಡಿದ್ರೆ ಮುರಳಿ ಇರ್ತಿದ್ದ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆ ಹಾಲೇಶನಿಗೆ ಆ ಹೊತ್ತು ಚೆನ್ನಾಗಿ ಅರ್ಥವಾಯಿತು. ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ.

"ತಿನ್ನೋಕೆ ಮುಂಚೆ ಮುರಳಿ ಒಂದು ಬೀಜ ಕರಟದಾಗೆ ಊರಿದ್ನಂತೆ. ಆ ಕರಟನ ಅವಳು ಮನೆಗೆ ತಗೊಂಡೋದ್ಲಂತೆ. ಗಿಡ ಆಯ್ತು, ಹಿತ್ಲಾಗೆ ನೆಟ್ಲು, ಕಾಯಿ ಕಟ್ತು. ಹದಿನಾರು. ಮಾರ್ನೇ ದಿನ ಮನೆಯಿಂದ ತಂದು, ಮೇಡಂಗೆ ಕೊಡಣ್ಣ, ಮಕ್ಕಳ ಕೈಯಾಗೆ ಬಿತ್ತಿಸ್ಲಿ ಅಂದ್ಲು."

ಸಿಪ್ಪೆ ಬಿಡಿಸದ ಹದಿನಾರು ಕಡಲೆಕಾಯಿ. ಹೇಮಾವತಿ ಮುಟ್ಟಲಿಲ್ಲ, ಹಿಂದೆ ಸರಿದಳು.

"ನನ್ನ ಕೈಲಿ ಆಗಲ್ಲ. ತಗೊಂಡೋಗ್ಬುಡಿ."

"ಸಿಪ್ಪೆ ಒಳಗೆ ಮಂದು ಎಲ್ಲಿಂದ ಬತ್ತೈತೆ?"

"ಗೊತ್ತು. ತಲೆಗೆ ಗೊತ್ತು... ಕೈಗೆ ಗೊತ್ತಿಲ್ಲ."

ಹಾಲೇಶ ಒಂದು ಕಾಯಿ ಒಡೆದ. ಎರಡು ಬೀಜ. ಒಂದನ್ನು ಬಾಯಿಗೆ ಹಾಕಿಕೊಂಡ.

"ಬೇಡ!" ಎಂದು ಕೂಗಿ ಅವನ ಮಣಿಕಟ್ಟು ಹಿಡಿದಳು. ಅಷ್ಟರಲ್ಲಿ ಅವನು ಅಗಿದು ನುಂಗಿದ್ದ.

"ಎಷ್ಟೊತ್ತಿಗೆ ಗೊತ್ತಾಗ್ತೈತೆ ಮೇಡಂ?"

"ಮುರಳಿಗೆ... ಅರ್ಧ ಗಂಟೆ."

"ಹಂಗಾದ್ರೆ ಒಂದು ಗಂಟೆ ಇಲ್ಲೇ ಕೂತಿರ್ತೀನಿ. ನೋಡ್ತಾ ಇರಿ."

ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತ. ಹೇಮಾವತಿ ಎದುರಿಗೆ ನೆಲದ ಮೇಲೆ ಕೂತಳು. ಅವನ ತುಟಿ, ಕಣ್ಣು, ಹಣೆ... ಬೆವರು ಬಂತೇ? ಸೆಕೆಗೆ ಬಂದದ್ದೇ? ಒಬ್ಬ ಗಂಡಸಿನ ಮುಖವನ್ನು ಅವಳು ಇಷ್ಟು ಹೊತ್ತು ನೋಡಿದ್ದೇ ಇರಲಿಲ್ಲ. ಅರ್ಧ ಗಂಟೆ ಆಗುವಾಗ ಅವಳು ಇನ್ನಷ್ಟು ಹತ್ತಿರ ಸರಿದಳು.

"ಕಂಪ್ಲೇಂಟ್ ವಾಪಸ್ ತಗೊಂಬುಡ್ತೀನಿ," ಎಂದ ಅವನು.

"ಬೇಡ. ಮಾತಾಡ್ಬೇಡಿ... ಸುಮ್ನಿರಿ."

ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿತು.

"ಇನ್ನೂ ಇದ್ದೀನಿ ನೋಡಿ," ಎಂದ ಹಾಲೇಶ.

ಹೇಮಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುರಳಿ ಹೋದ ಮೇಲೆ ಮೊದಲ ಸಲ. ಅವನು ಸಮಾಧಾನ ಹೇಳಲು ಹೋಗಲಿಲ್ಲ, ಎದ್ದು ಕರಟಗಳ ಜೇಡರ ಬಲೆ ಒರೆಸತೊಡಗಿದ.

ಮಾರನೆಯ ದಿನ ಮಕ್ಕಳು ಕರಟಕ್ಕೆ ಚಮಚದಲ್ಲಿ ಕೆಮ್ಮಣ್ಣು ತುಂಬಿದರು. ಬೆರಳಿನ ಮೊದಲ ಗಿಣ್ಣಿನಷ್ಟು ಗುಳಿ ಮಾಡಿದರು. ಹೇಮಾವತಿ ಒಬ್ಬೊಬ್ಬರಿಗೆ ಒಂದೇ ಬೀಜ ಕೊಟ್ಟಳು. ಅದು ಮಣ್ಣು ಸೇರುವವರೆಗೂ ಪುಟ್ಟ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಹದಿನಾಲ್ಕು ಮಕ್ಕಳು, ಹದಿನಾಲ್ಕು ಸಲ.

"ಟೀಚರ್, ಬೀಜ ಮಲಗೈತಾ?" ಸ್ಪಂದನ ಕೇಳಿದಳು.

"ಹೂಂ ಕಂದ. ಐದಾರು ದಿನಕ್ಕೆ ಏಳ್ತೈತೆ."

ಮಲಗಿದವರೆಲ್ಲರೂ ಏಳುವುದಿಲ್ಲ ಎಂದು ಮನಸ್ಸು ಹೇಳಿತು. ಅವಳು ಹದಿನೈದನೆಯ ಕರಟವನ್ನು ತಾನೇ ತುಂಬಿ, ಬೀಜ ಊರಿ, ಸುಣ್ಣದಲ್ಲಿ 'ಮುರಳಿ' ಎಂದು ಬರೆದು ಕಿಟಕಿಯಲ್ಲಿಟ್ಟಳು.

ಹಬ್ಬದ ಹಿಂದಿನ ದಿನ ತಾಯಂದಿರು ಬಂದರು. ಮಕ್ಕಳು ಮೊಳಕೆಯೊಡೆದ ಕರಟ ಹಿಡಿದು ಸಾಲಾಗಿ ನಿಂತವು. ರಾಮಲಿಂಗಯ್ಯ ಎಣಿಸಿ ನೋಡಿ, "ಸರಿ ಕಣಮ್ಮ, ಇರು," ಎಂದಷ್ಟೇ ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ಹಾಲೇಶ ಕಿಟಕಿಯ ಬಳಿ ನಿಂತಿದ್ದ. ಮುರಳಿಯ ಕರಟದಲ್ಲೂ ಎರಡೆಲೆ ಬಿಚ್ಚಿತ್ತು.

"ಧನಲಕ್ಷ್ಮಿಗೆ ಹೇಳ್ತೀರಾ?"

"ನಾಳಿದ್ದು ಲೋಡ್ ಐತೆ. ಹೇಳ್ತೀನಿ."

ಹೇಮಾವತಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅವತ್ತು ಅವನು ಒಡೆದ ಕಾಯಿಯ ಇನ್ನೊಂದು ಬೀಜ. ಅಷ್ಟು ದಿನವೂ ಅದನ್ನು ಕಟ್ಟಿಕೊಂಡೇ ತಿರುಗಿದ್ದಳು. ಈಗ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು.

"ನಿಮ್ಮ ಸರದಿ," ಎಂದಳು. "ಕೂತ್ಕೊಂಡು ನನ್ನ ನೋಡ್ತಾ ಇರಿ."

ಹಾಲೇಶ ಅದೇ ಪುಟ್ಟ ಕುರ್ಚಿ ಎಳೆದುಕೊಂಡು ಕೂತ.

"ಎಷ್ಟೊತ್ತು ಹೇಮಾ?"

"ನೀವೇ ಹೇಳಿ."

"ನಾನು ಇರೋ ತಂಕ."